ಅರ್ಜಿಯ ಮೂಲೆಗೊಂದು ಚಿಟಿಕೆ ಕುಂಕುಮ

ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ, ನೆನೆಹಾಕಿದ್ದ ಹೆಸರುಬೇಳೆಯನ್ನು ಕೋಸಂಬರಿಗೆಂದು ಬಸಿದಿಟ್ಟೆ, ಬಟ್ಟೆ ಒಗೆಯಲು ಹಾಕಿದೆ, ಹಿತ್ತಲ ತುಳಸಿಗೆ ನೀರೆರೆದೆ, ಕಾರಿನ ಇನ್ಶೂರೆನ್ಸಿನವರಿಗೆ ಫೋನ್ ಮಾಡಿ ಅವರು ಕಾಯಿಸುತ್ತ ಕೇಳಿಸಿದ ಸಂಗೀತವನ್ನೆಲ್ಲ ಕೇಳಿ ಕೆಳಗಿಟ್ಟೆ, ಆಮೇಲೆ ಯಜಮಾನರನ್ನು ಪೊಲೀಸ್ ಠಾಣೆಗೆ ಕರೆದೊಯ್ದು ಹತ್ತೂ ಬೆರಳುಗಳ ಗುರುತು ಕೊಡಿಸಿ ತಂದೆ. ಕೊನೆಯ ಕೆಲಸವನ್ನು ಓದಿ ನೀವು ಗಾಬರಿಯಾಗಬೇಕಾಗಿಲ್ಲ. ನಮಗೂ ಅದು ಈಗ ಕೋಸಂಬರಿಯಷ್ಟೇ ರೂಢಿಯಾಗಿದೆ, ಏಕೆಂದರೆ ಇದು ಎರಡನೆಯ ಸಲ. ಎರಡನೆಯ ಸಲ ಏಕೆ ಎಂಬುದೇ ನನ್ನ ತಕರಾರು.

ನಮ್ಮವರು ಬಾಗಲಕೋಟೆಯ ಕಡೆಯವರು, ಮೆಕ್ಯಾನಿಕಲ್ ಎಂಜಿನಿಯರು. ಸೊರೆಂಟೊ ವ್ಯಾಲಿಯ ಕಂಪನಿಯೊಂದು ಹೋದ ವರ್ಷ ಅವರಿಗೆ ಕೈಕುಲುಕಿ, ಹೂಕುಂಡವೊಂದನ್ನು ಕೊಟ್ಟು ಮನೆಗೆ ಕಳಿಸಿತು. ಅಂದಿನಿಂದ ಅವರ ವಿದ್ಯೆಯೆಲ್ಲ ನಮ್ಮ ಗ್ಯಾರೇಜಿನಲ್ಲಿ ಲೋಹ ಕಡೆಯುವ ಹಳೆಯ ಲೇತ್ ಯಂತ್ರದ ಮುಂದೆ ಧ್ಯಾನಸ್ಥವಾಗಿತ್ತು. ಅಷ್ಟರಲ್ಲಿ ಗ್ಲೆಂಡೇಲ್‌ನಲ್ಲಿ ಸಿನಿಮಾದವರಿಗೆ ಬಂದೂಕು ಬಾಡಿಗೆ ಕೊಡುವ ಅಂಗಡಿಯೊಂದು ಇವರ ಕೈಚಳಕ ಕಂಡು ಕೆಲಸವೊಂದನ್ನು ಒಪ್ಪಿಸಿತು. ಖಳನಾಯಕರು ಪಿಸ್ತೂಲಿನ ಮೂತಿಗೆ ತಿರುಗಿಸಿ ಕೂರಿಸುತ್ತಾರಲ್ಲ, ಸದ್ದಡಗಿಸುವ ನಳಿಗೆ, ಅದನ್ನು ಮಾಡಿಕೊಡಬೇಕು. ಈ ರಾಜ್ಯದಲ್ಲಿ ಜನಸಾಮಾನ್ಯರು ಅದನ್ನು ಮುಟ್ಟುವಂತಿಲ್ಲ; ಸಿನಿಮಾಕ್ಕೆಂದು ಮಾಡುವವರೂ ಸರ್ಕಾರದ ಅನುಮತಿ ಕೈಸೇರುವ ತನಕ ಲೋಹದ ಒಂದು ಚೂರನ್ನೂ ಕೊರೆಯಬಾರದು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದೊಳಗೆ ಅನುಮತಿ ಬಂದರೆ ಕೆಲಸ ನಮ್ಮದು, ಬಾರದಿದ್ದರೆ ಇನ್ನೊಬ್ಬರದು ಎಂದು ಅಂಗಡಿಯಾತ ಹೇಳಿಬಿಟ್ಟಿದ್ದಾನೆ. ಅಲ್ಲಿಯವರೆಗೆಂದು ಲೇತಿನ ಮೇಲೆ ನನ್ನ ಹಳೆಯ ಹತ್ತಿಸೀರೆ ಹೊದಿಸಿದೆ.

ಸದ್ದಡಗಿಸುವ ವಿದ್ಯೆಗೆ ಇವರೇ ಸಿಕ್ಕಿದ್ದು ವಿಧಿಯ ಕುಚೋದ್ಯವೆನ್ನಬೇಕು. ಇವರ ಗೊರಕೆ ಲೋಕವಿಖ್ಯಾತ. ಪೋರ್ಟರ್ ರ್ಯಾಂಚಿನಿಂದ ಬಂದು ತಂಗಿದ್ದ ನನ್ನ ನಾದಿನಿ ಒಮ್ಮೆ ಹೊದಿಕೆ ಸುತ್ತಿಕೊಂಡು ಹೋಗಿ ಕಾರಿನಲ್ಲಿ ಮಲಗಿದ್ದಳು. ಕೆಲಸ ಹೋದಂದಿನಿಂದ ಆ ಸದ್ದು ಯಾವ ನಳಿಗೆಯ ನೆರವೂ ಇಲ್ಲದೆ ಅಡಗಿದೆ. ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ ಮನುಷ್ಯನ ಮೌನ ಎಷ್ಟು ಗದ್ದಲದ್ದೆಂದು ನನಗೆ ತಿಳಿದದ್ದು ಆಮೇಲೆಯೇ.

ಅನುಮತಿಯ ಅರ್ಜಿಯನ್ನು ನಾವಿಬ್ಬರೂ ಊಟದ ಮೇಜಿನ ಮುಂದೆ ಕುಳಿತು ತುಂಬಿದೆವು. ನಳಿಗೆಯ ಉದ್ದವೆಷ್ಟು, ವ್ಯಾಸವೆಷ್ಟು, ಅದರ ಮೇಲೆ ಯಾರ ಹೆಸರು ಕೆತ್ತುತ್ತೀರಿ, ನಿಮಗೆ ಎಂದಾದರೂ ಬುದ್ಧಿಭ್ರಮಣೆಯಾಗಿತ್ತೇ? ಈ ಕೊನೆಯ ಪ್ರಶ್ನೆಗೆ "ಇಲ್ಲ" ಎಂದು ಬರೆಯುವಾಗ ಇವರು ನನ್ನ ಮುಖ ನೋಡಿದರು. ಬರೆಯಿರಿ ಎಂದು ನಾನು ತಲೆಯಾಡಿಸಿದೆ. ಫೋಟೋ ಅಂಟಿಸಿ, ಬೆರಳಚ್ಚಿನ ಹಾಳೆ ಸೇರಿಸಿ, ಕೊನೆಗೆ ನಮ್ಮ ಮನೆತನದಲ್ಲಿ ಮದುವೆಯ ಕರೆಯೋಲೆಯಿಂದ ಪರೀಕ್ಷೆಯ ಅರ್ಜಿಯವರೆಗೆ ಯಾವ ಶುಭಪತ್ರಕ್ಕೂ ತಪ್ಪದ ಸಂಸ್ಕಾರವನ್ನು ನಾನು ಮಾಡಿದೆ: ನಾಲ್ಕು ಮೂಲೆಗೂ ಅರಿಶಿನ, ಕುಂಕುಮ. ದೇವರ ಮುಂದಿಟ್ಟು, ಕೈಮುಗಿದು, ಅಂಚೆಗೆ ಹಾಕಿದೆವು.

ಅವಳಿ ಗೋಪುರಗಳು ಬಿದ್ದು, ಲಕೋಟೆಯಲ್ಲಿ ಬಂದ ಪುಡಿಯಿಂದ ಜನ ಸತ್ತು, ದೇಶವೆಲ್ಲ ಅಂಚೆಯ ಚೀಲಕ್ಕೇ ಹೆದರಿಕೊಂಡಿದ್ದ ಕಾಲ ಇದೆಂಬುದು ನನಗೆ ಹೊಳೆಯಲೇ ಇಲ್ಲ. ನಮ್ಮ ಲಕೋಟೆ ಬಿಚ್ಚಿದಾಗ ಅನುಮತಿ ಕೊಡುವ ಸರ್ಕಾರಿ ಕಚೇರಿಯ ಮೇಜಿನ ಮೇಲೆ ಹಳದಿ, ಕೆಂಪು ಉದುರಿದೆ. ಅದನ್ನು ಮೊಹರು ಮಾಡಿ ಪರೀಕ್ಷೆಗೆ ಒಯ್ದರಂತೆ. ಆಮೇಲೆ ನಮಗೆ ಫೋನು. ತೆಗೆದುಕೊಂಡವಳು ನಾನು.

"ಮ್ಯಾಮ್, ಆ ಪುಡಿ ಏನು?" ಎಂದು ಕೇಳಿದಳು ಅಧಿಕಾರಿಣಿ.

"ಒಂದನ್ನು ಸಾರಿಗೆ ಹಾಕುತ್ತೇನೆ, ಇನ್ನೊಂದನ್ನು ಹಣೆಗೆ ಇಟ್ಟುಕೊಳ್ಳುತ್ತೇನೆ" ಎಂದೆ ನನ್ನ ಇಂಗ್ಲಿಷಿನಲ್ಲಿ.

ಆಕೆ, "ಈಗಲೂ ಹಣೆಯ ಮೇಲಿದೆಯೇ?" ಎಂದಳು.

"ಮದುವೆಯಾದಂದಿನಿಂದ ಇದೆ. ಬದುಕಿದ್ದೇನೆ."

ಕಾಗದಗಳನ್ನು ಹಿಂದಿರುಗಿಸಲಾಗದು, ನಾಶಮಾಡಲಾಗಿದೆ, ಮೊದಲಿನಿಂದ ಹೊಸದಾಗಿ ಅಪ್ಲೈ ಮಾಡಿ ಎಂದು ಆಕೆ ಬಹಳ ವಿನಯದಿಂದಲೇ ತಿಳಿಸಿದಳು. ವಿನಯವಾಗಿ ಹೇಳಿದರೆ ಸಿಟ್ಟು ಬರಬಾರದೆಂದು ಎಲ್ಲಿದೆ? ಯೋಚಿಸಿ ನೋಡಿ: ಒಬ್ಬ ಮನುಷ್ಯ ಬಂದೂಕಿನ ಸದ್ದಡಗಿಸುವ ಸಾಧನವನ್ನು ಮನೆಯಲ್ಲೇ ತಯಾರಿಸುತ್ತೇನೆಂದು ಅಳತೆ ಸಮೇತ, ಚಿತ್ರ ಸಮೇತ ಬರೆದು ಕಳಿಸುತ್ತಾನೆ, ಅದನ್ನು ಓದಿದವರ ಎದೆ ನಡುಗುವುದಿಲ್ಲ. ಅವನ ಹೆಂಡತಿ ಒಳ್ಳೆಯದಾಗಲಿ ಎಂದು ಚಿಟಿಕೆ ಕುಂಕುಮ ಹಚ್ಚುತ್ತಾಳೆ; ಕೈಗವಸು ತೊಟ್ಟವರು ಓಡಿಬರುತ್ತಾರೆ. ಬಂದೂಕಿಗೆ ನಮೂನೆಯುಂಟು, ಶುಭಾಶಯಕ್ಕಿಲ್ಲ. ಹೆದರಿದವರ ತಪ್ಪಲ್ಲವೆಂದು ಬುದ್ಧಿ ಹೇಳುತ್ತದೆ. ಆದರೆ ನನ್ನ ಮಂಗಳದ್ರವ್ಯ ವಿಷದ ಪಟ್ಟಿಯಲ್ಲಿ ಕೂತದ್ದನ್ನು ಮನಸ್ಸು ಒಪ್ಪುವುದಿಲ್ಲ.

ಕಾಲೇಜಿನಿಂದ ಬಂದ ಮಗಳು ಅನಘಾ, "ಅಮ್ಮಾ, ಯು ಮೇಲ್ಡ್ ಪೌಡರ್ ಟು ದ ಗವರ್ನಮೆಂಟ್?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇವರು ನಗಲಿಲ್ಲ. "ಯಾರ ಹೇಳಿದ್ರು ನಿನಗ ಹಚ್ಚು ಅಂತ? ದೇವ್ರೇನು ಆಫೀಸ್ನ್ಯಾಗ ಕ್ಲಾರ್ಕ್ ಅದಾನ?" ಎಂದು ಗ್ಯಾರೇಜಿಗೆ ಹೋಗಿ ಸೀರೆ ಹೊದ್ದ ಲೇತಿನ ಮುಂದೆ ಕೂತರು. ಕೂಗಾಡಿದ್ದರೆ ಸಹಿಸುತ್ತಿದ್ದೆ.

ಹೀಗಾಗಿ ಇಂದು ಮತ್ತೆ ಠಾಣೆ, ಮತ್ತೆ ಬೆರಳು, ಮತ್ತೆ ಫೋಟೋ. ಕುಂಕುಮದ ಭರಣಿಯನ್ನು ಮೇಲಿನ ಶೆಲ್ಫಿಗೇರಿಸಿ, ಕೈಗೆ ಸೋಪು ಹಾಕಿ ತೊಳೆದು, ಲಕೋಟೆಯನ್ನು ನಾನೇ ಅಂಟಿಸಿದೆ. ಅಂಚೆಕಚೇರಿಯ ಮುಂದೆ ಕಾರು ನಿಲ್ಲಿಸಿದರೂ ಇವರು ಇಳಿಯಲಿಲ್ಲ. ಲಕೋಟೆಯನ್ನು ತಿರುವಿ ಮುರುವಿ ನೋಡುತ್ತಿದ್ದರು.

"ಏನೂ ಹಚ್ಚಿಲ್ಲೇನು?"

"ಇಲ್ಲ."

"ಒಂದೀಟೂ?"

"ನೀವೇ ತಾನೇ ಬೈದದ್ದು?" ಎಂದೆ. ಸಿಟ್ಟಿನಿಂದಲೇ.

"ಬೈದೆ ಖರೆ," ಎಂದರು, "ಆದ್ರ ಬರಿಗೈಲೆ ಕಳಿಸಿಧಂಗ ಅನಸ್ತದ ನೋಡು. ನಮ್ಮವ್ವ ನನ್ನ ಹಾಲ್‌ಟಿಕೀಟಿಗೂ ಹಚ್ಚಿದ್ಳು."

ನನ್ನ ಸಿಟ್ಟು ಎಲ್ಲಿ ಹೋಯಿತೋ ಕಾಣೆ. ಲಕೋಟೆಯನ್ನು ಇಸಿದುಕೊಂಡು ಕಣ್ಣಿಗೊತ್ತಿಕೊಂಡೆ, ಹಣೆಗೆ ತಾಗದಂತೆ. ಇವರು ಅದನ್ನು ಬೆಳಕಿಗೆ ಹಿಡಿದು, ಎಲ್ಲೂ ಕೆಂಪಿಲ್ಲವೆಂದು ಖಚಿತಪಡಿಸಿಕೊಂಡು, ಒಳಗೆ ಹೋಗಿ ಕೊಟ್ಟು ಬಂದರು. ಮನೆಗೆ ಬಂದವರು ಮೇಲಿನ ಶೆಲ್ಫಿನಿಂದ ಭರಣಿಯನ್ನು ತಾವೇ ಇಳಿಸಿ ಗ್ಯಾರೇಜಿಗೆ ಒಯ್ದರು. ಸೀರೆ ಸರಿಸಿದ ಸದ್ದು ನನಗೆ ಒಳಗೇ ಕೇಳಿಸಿತು.

ಕುಂಕುಮಕ್ಕೆ ಸರ್ಕಾರ ಕೊಡದ ಅನುಮತಿ ಇಂದು ಮನೆಯಲ್ಲಿ ದೊರೆಯಿತು. ಉಳಿದದ್ದು ಬರುವಾಗ ಬರಲಿ. ಸಂಜೆ ಅನ್ನ, ಟೊಮೆಟೊ ಸಾರು, ಕೋಸಂಬರಿ. ಇವರು ಸಾರನ್ನು ಎರಡನೆಯ ಸಲ ಬಡಿಸಿಕೊಂಡರು. ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ ನಾನು ಕೋಣೆಗೆ ಹೋಗುವಷ್ಟರಲ್ಲಿ ಇವರೇ ಮೊದಲು ಮಲಗಿದ್ದರು. ಎಷ್ಟೋ ತಿಂಗಳ ಮೇಲೆ, ಗೋಡೆ ಅದುರುವಂತೆ ಗೊರಕೆ.