ನೀರಿನ ತೊಗಲು ಬಲ್ಲ ಅಣ್ಣ

ಲ್ಯಾಬಿನಣ್ಣನ ಬೆರಳ ತುದಿಗಳು ಸದಾ ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಮಂಡ್ಯದ ಕಾಲೇಜೊಂದರಲ್ಲಿ ನಾನು ಕಸ ಗುಡಿಸುತ್ತಿದ್ದೆ, ಅವರು ಲ್ಯಾಬಿನ ಗಾಜಿನ ಸಾಮಾನು ತೊಳೆಯುತ್ತಿದ್ದರು. ಇಬ್ಬರದೂ ಖಾಯಂ ಕೆಲಸವಲ್ಲ. ಓದಿದ್ದು ನಾನು ಮೂರನೇ ಕ್ಲಾಸು, ಅವರು ಏಳು.

ಮೊನ್ನೆ ನನ್ನ ಮೊಮ್ಮಗಳು ಅದೇ ಕಾಲೇಜಿಗೆ ಫಿಸಿಕ್ಸ್ ಮೇಡಂ ಆಗಿ ಸೇರಿದಳು. ಖುಷಿಗೆ ನನಗೆ ಅನ್ನ ಸೇರುತ್ತಿಲ್ಲ, ಬೀದಿಗೆಲ್ಲ ಮೈಸೂರು ಪಾಕು ಹಂಚಿದ್ದೇನೆ. ಆ ಖುಷಿಯ ಮಧ್ಯೆ ಅಣ್ಣ ಮತ್ತೆ ಮತ್ತೆ ನೆನಪಾಗುತ್ತಿದ್ದಾರೆ.

ಕೂದಲಿನಷ್ಟು ಸಣ್ಣ ತೂತಿನ ಗಾಜಿನ ಕೊಳವೆಯನ್ನು ನೀರಿಗಿಟ್ಟರೆ ನೀರು ತಾನಾಗಿ ಮೇಲೇರುತ್ತದೆ. ಎಷ್ಟು ಏರಿತೆಂದು ಅಳೆದು ಹುಡುಗರು ನೀರಿನ ಮೇಲ್ಮೈ ಎಳೆತ ಲೆಕ್ಕ ಹಾಕುತ್ತಿದ್ದರು. "ನೀರ್ಗೂ ಒಂದ್ ತೊಗಲದೆ ಕಣವ್ವ," ಎಂದು ಅಣ್ಣ ನನಗೆ ಸೂಜಿ ತೇಲಿಸಿ ತೋರಿಸಿದ್ದರು. "ಚೂರ್ ಎಣ್ಣೆ ತಾಕುದ್ರೆ ಸತ್ತೋಯ್ತದೆ." ಆ ನೀರು ತುಂಬುವ ಗಾಜಿನ ಲೋಟಗಳನ್ನು ತೊಳೆದು ಬೋರಲಿಟ್ಟೇ ಒಣಗಿಸುತ್ತಿದ್ದರು. ಬಟ್ಟೆ ಯಾಕೆ ಮುಟ್ಟಿಸುವುದಿಲ್ಲ ಎಂದು ನಾನು ಕೇಳಿರಲಿಲ್ಲ.

ಪ್ರಾಕ್ಟಿಕಲ್ ಪರೀಕ್ಷೆಯ ಬೆಳಿಗ್ಗೆ ಅಣ್ಣ ಲೋಟ ತೊಳೆದಿಟ್ಟು, ಪ್ರಿನ್ಸಿಪಾಲರು ಕರೆದರೆಂದು ಹೋದರು. ಹುಡುಗರು ಬರುವ ಹೊತ್ತಾಯಿತು, ಲೋಟಗಳಿನ್ನೂ ಹಸಿ. ಉಪಕಾರವಾಗಲೆಂದು ಒಂದೊಂದನ್ನೂ ಸೆರಗಿನಲ್ಲಿ ಒರೆಸಿಟ್ಟೆ. ತಲೆಗೆ ಹರಳೆಣ್ಣೆ ಹಚ್ಚಿ ಅದೇ ಸೆರಗಿಗೆ ಕೈ ಒರೆಸಿದ್ದು ನೆನಪಿಗೇ ಬರಲಿಲ್ಲ.

ನೀರು ಏರಬೇಕಾದಷ್ಟು ಏರಲಿಲ್ಲ. ಯಾರ ಲೆಕ್ಕವೂ ಸರಿಬರಲಿಲ್ಲ. ಪರೀಕ್ಷೆಗೆಂದು ಹೊರಗಿನಿಂದ ಬಂದಿದ್ದ ಮೇಷ್ಟ್ರು ರೇಗಿದರು. "ಯಾರ್ರೀ ಇದನ್ನ ತೊಳೆದಿದ್ದು?"

ಅಣ್ಣ ಲೋಟ ಮೂಸಿದರು. ನನ್ನ ಕಡೆ ನೋಡಿದರು. "ನಾನೇ ಸಾ."

ನಾನು ಪೊರಕೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಬಾಯಿ ಬಿಟ್ಟರೆ ಕೆಲಸ ಹೋಗುತ್ತಿತ್ತು. ಬಿಡಲಿಲ್ಲ. ನಾಳೆಯಿಂದ ಬರಬೇಡವೆಂದು ಪ್ರಿನ್ಸಿಪಾಲರು ಅಣ್ಣನಿಗೆ ಹೇಳಿದರು. ಗೇಟಿನ ಬಳಿ ಅಣ್ಣನೇ ನನಗೆ ಸಮಾಧಾನ ಹೇಳಿದರು: "ಅಳ್ಬ್ಯಾಡ ಬುಡವ್ವ. ಮಕ್ಳುನ್ನ ಓದ್ಸು. ಲೋಟ ಮಾತ್ರ ಒರಸ್ಬ್ಯಾಡ ಇನ್ಮ್ಯಾಕೆ."

ಆಮೇಲೆ ಅವರು ಸೋಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಡ್ರಮ್ಮು ತೊಳೆದರು. ಹೋದ ವರ್ಷ ತಮ್ಮೂರು ಬೆಸಗರಹಳ್ಳಿಯಲ್ಲಿ ತೀರಿಕೊಂಡರು. ತಿಥಿಗೆ ಹೋಗಿದ್ದೆ. ಅವರ ಹೆಂಡತಿ ಬಡಿಸುತ್ತಾ, "ಅದ್ಯಾವ್ ಮುಂಡೇದು ಲೋಟುಕ್ಕೆ ಎಣ್ಣೆ ಸವರ್ತೋ, ಸಾಯೋಗಂಟ ಯೋಳ್ನಿಲ್ಲ ಕಣಕ್ಕ," ಎಂದರು. ನಾನು ತಲೆ ತಗ್ಗಿಸಿ ಅನ್ನ ಕಲಸಿ ಉಂಡೆ.

ನಿನ್ನೆ ಮೊಮ್ಮಗಳು ಕಾಲೇಜಿನಿಂದ ಕುಣಿದುಕೊಂಡು ಬಂದಳು. "ಅಜ್ಜಿ, ನೀನ್ ಹೇಳ್ದಂಗೆ ಲೋಟ ಒರ್ಸೋಕೆ ಬಿಡ್ಲಿಲ್ಲ. ಎಲ್ರುದ್ದೂ ಸರಿಯಾಗ್ ಬಂತು. ಯಾರ್ ಹೇಳ್ಕೊಟ್ಟಿದ್ದು ನಿಂಗೆ?"

ಇದನ್ನು ಮೊದಲು ಅವಳಿಗೇ ಓದಲು ಕೊಡುತ್ತೇನೆ. ಆಮೇಲೆ ಅಣ್ಣನ ಹೆಂಡತಿಯನ್ನು ಕಾಣಲು ಬೆಸಗರಹಳ್ಳಿಯ ಬಸ್ಸು ಹತ್ತಬೇಕು.