ಇಂಗೆಗೆರ್ಡಳ ಮಂಡಿನೋವು

ನಡುಬೇಸಿಗೆಯ ಹಬ್ಬದ ದಿನ ಉಪ್ಸಾಲ ಪಟ್ಟಣದ ಹೊರವಲಯದ ಹುಲ್ಲುಗಾವಲಿನಲ್ಲಿ, ಎಲೆ ಸುತ್ತಿದ ಕಂಬದ ಸುತ್ತ ಮುದುಕರು ಮಕ್ಕಳೆನ್ನದೆ ಎಲ್ಲರೂ ಕಪ್ಪೆಗಳಂತೆ ಕುಪ್ಪಳಿಸುವುದು ವಾಡಿಕೆ. ಆ ವರ್ಷವೂ ಇಂಗೆಗೆರ್ಡ್ ಮಾತ್ರ ಕಂಬಳಿಯ ಮೇಲೆ ಕೂತು ಸ್ಟ್ರಾಬೆರಿ ಕೇಕು ಕಾಯುತ್ತಿದ್ದಳು.

"ಏಳಜ್ಜೀ, ಕುಪ್ಪಳಿಸು ಬಾ!" ಮೊಮ್ಮಗಳು ತೂವಾ ಕೈ ಜಗ್ಗಿದಳು.

"ಮಂಡಿ ಕೇಳಲ್ಲ ಪುಟ್ಟೀ."

"ಹೋದ್ವರ್ಷಾನೂ ಇದೇ ಹೇಳ್ದೆ. ಬರೀ ಸುಳ್ಳಜ್ಜಿ ನೀನು!"

"ಅಜ್ಜೀನ ಪೀಡಿಸ್ಬೇಡ್ವೇ," ತೂವಾಳ ತಾಯಿ, ಇಂಗೆಗೆರ್ಡಳ ಮಗಳು ಮಾಲಿನ್ ದೂರದಿಂದಲೇ ಗದರಿದಳು. ಕ್ಯಾಮೆರಾ ಹಿಡಿದು ನಿಲ್ಲುವ ಕೆಲಸ ಪ್ರತಿ ವರ್ಷವೂ ಅವಳದೇ.

ನಿಜಕ್ಕೆ ಇಂಗೆಗೆರ್ಡಳ ಮಂಡಿ ಕಲ್ಲಿನಂತೆ ಗಟ್ಟಿಮುಟ್ಟಾಗಿತ್ತು. ತೊಂದರೆ ಬೇರೆಯೇ ಇತ್ತು. ಮಾಲಿನ್ ಹುಟ್ಟಿದಂದಿನಿಂದ ಕೆಮ್ಮಿದರೆ, ನಕ್ಕರೆ, ಹಾರಿದರೆ ಒಳಬಟ್ಟೆ ಒದ್ದೆಯಾಗುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಪ್ರಾರ್ಥನೆಯಲ್ಲಿ ಕೂಡ ಬಾಯಿಬಿಟ್ಟಿರಲಿಲ್ಲ.

ಆ ಹಬ್ಬ ಮುಗಿದ ಮೇಲೆ ಮಾಲಿನ್ ಮಂಡಿ ಡಾಕ್ಟರ ಹತ್ತಿರ ದಿನ ಗೊತ್ತುಮಾಡಿಬಿಟ್ಟಳು. ಡಾಕ್ಟರು ಮಂಡಿ ಮಡಿಸಿ, ಬಿಡಿಸಿ, "ಎಲ್ಲಿ, ಒಂದ್ಸಲ ಹಾರಿ ನೋಡೋಣ" ಎಂದರು. ಇಂಗೆಗೆರ್ಡ್ ಹಾರಲಿಲ್ಲ. "ಮಂಡಿ ಅಲ್ಲ ಡಾಕ್ಟ್ರೇ..." ಉಳಿದದ್ದನ್ನು ಅಳುತ್ತಲೇ ಪಿಸುಗುಟ್ಟಿದಳು. ಅವರು ಹೆಂಗಸರ ವಿಭಾಗಕ್ಕೆ ಚೀಟಿ ಬರೆದುಕೊಟ್ಟರು.

"ಹೊಟ್ಟೆ ಕೊಯ್ಯಲ್ಲ," ಎಂದಳು ಅಲ್ಲಿನ ಡಾಕ್ಟರಮ್ಮ ಹಿಲ್ಲೆವಿ. "ಆ ಜಾಗ ಮಾತ್ರ ಮರಗಟ್ಟಿಸಿ, ಮೂತ್ರನಾಳದ ಕೆಳಗೆ ತೆಳ್ಳನೆ ಪಟ್ಟಿ ಇಡ್ತೀವಿ. ಸಂಜೆ ಮನೆಗೆ ಹೋಗ್ಬಹುದು."

ಆದರೆ ಚಿಕಿತ್ಸೆಯ ನಡುವೆ, ಎಚ್ಚರವಾಗಿಯೇ ಮಲಗಿದ್ದವಳ ಮೂತ್ರಕೋಶಕ್ಕೆ ನೀರು ತುಂಬಿಸಿ, "ಈಗ ಕೆಮ್ಮಿ" ಎಂದಳು ಹಿಲ್ಲೆವಿ. ಇಂಗೆಗೆರ್ಡ್ ತುಟಿ ಬಿಗಿದು ಸಣ್ಣಗೆ ಕೆಮ್ಮಿದಳು.

"ಇದು ಚರ್ಚಲ್ಲಿ ಕೆಮ್ಮೋ ಕೆಮ್ಮು ಇಂಗೆಗೆರ್ಡ್! ನೀರು ಬರ್ಲಿ. ಬರ್ದಿದ್ರೆ ಪಟ್ಟಿ ಎಷ್ಟು ಬಿಗೀಬೇಕು ಅಂತ ನಂಗೆ ಹೇಗ್ ಗೊತ್ತಾಗ್ಬೇಕು?"

ಇಷ್ಟು ಕಾಲ ಮುಚ್ಚಿಟ್ಟದ್ದನ್ನು ದೀಪದ ಕೆಳಗೆ, ಪರರೆದುರು ಮಾಡಬೇಕಿತ್ತು. ಕಣ್ಣು ಮುಚ್ಚಿ ಕೆಮ್ಮಿದಳು. ಹರಿಯಿತು. ಮುಖಕ್ಕೆ ಬೆಂಕಿ ಹತ್ತಿದಂತಾಯಿತು. ಹಿಲ್ಲೆವಿ ಪಟ್ಟಿ ಸರಿಪಡಿಸಿ ಮತ್ತೆ ಕೆಮ್ಮಿಸಿದಳು. ಈ ಸಲ ಒಂದೇ ಹನಿ.

"ಮಂಡಿಗೆ ಏನೋ ಚಿಕ್ಕದು ಮಾಡಿದ್ರು," ಎಂದಳು ಇಂಗೆಗೆರ್ಡ್ ಮನೆಯಲ್ಲಿ.

ಮರುವರ್ಷ ಅವಳು ಕುಪ್ಪಳಿಸಿದಳು. ಒಳಬಟ್ಟೆ ಒದ್ದೆಯಾಗಲಿಲ್ಲ. ತೂವಾ ಕೇಕೆ ಹಾಕಿದಳು.

"ಮಾಲಿನ್, ನೀನೂ ಬಾರೇ!" ಇಂಗೆಗೆರ್ಡ್ ಕರೆದಳು.

"ನಾನ್ ಬರಲ್ಲಮ್ಮ. ಸೊಂಟ ಕೇಳಲ್ಲ." ಮಾಲಿನ್ ಕ್ಯಾಮೆರಾದ ಹಿಂದೆ ಮುಖ ಮರೆಸಿದಳು.

ಆ ದನಿ ಇಂಗೆಗೆರ್ಡಳಿಗೆ ಚೆನ್ನಾಗಿ ಗೊತ್ತಿತ್ತು, ಅದು ತನ್ನದೇ. ತೂವಾ ಹುಟ್ಟಿದಂದಿನಿಂದ ಮಗಳು ಒಮ್ಮೆಯೂ ಹಾರಿದ್ದನ್ನು ಅವಳು ಕಂಡಿರಲಿಲ್ಲ. ಯಾಕೆಂದು ಕೇಳಿಯೂ ಇರಲಿಲ್ಲ. ಆಸ್ಪತ್ರೆಯ ಮೇಜಿನ ಮೇಲೆ ಕೂಡ ಇಷ್ಟು ನಾಚಿಕೆಯಾಗಿರಲಿಲ್ಲ.

ಕುಣಿತದ ಸಾಲು ಬಿಟ್ಟು ಬಂದು ಮಗಳ ಕೈ ಹಿಡಿದಳು.

"ನನ್ ಮಂಡೀಗೆ ಯಾವತ್ತೂ ಏನೂ ಆಗಿರ್ಲಿಲ್ಲ ಕಣೇ," ಎಂದಳು.