ಸಿಗ್ನಲ್ ಸಿಗುವ ದಂಡೆ

ನಮ್ಮೂರ ಮುಲ್ಲಾ ಮಕ್ಬುಲಸಾಬನಿಗೆ ಮೀನು ಹಿಡಿಯಲು ಬರುವುದಿಲ್ಲವೆಂದು ಜನ ನಗುತ್ತಿದ್ದರು. ಶುದ್ಧ ಸುಳ್ಳು. ಹಗುರವಾದ ಬಿದಿರುಕಡ್ಡಿ, ಕೂದಲೆಳೆಯಂಥ ತಂಗೂಸಿ ದಾರ, ಸಣ್ಣದೊಂದು ಗಾಳ, ಇಷ್ಟರಲ್ಲೇ ಆತ ದೊಡ್ಡ ರೋಹುವನ್ನು ದಣಿಸಿ ದಣಿಸಿ ದಡಕ್ಕೆ ತಂದದ್ದನ್ನು ನಾನೇ ಕಂಡಿದ್ದೇನೆ. ಕೂರುವ ಜಾಗ ಮಾತ್ರ ಸರಿಯಿರಲಿಲ್ಲ. ತುಂಗಭದ್ರೆಯ ಹಿನ್ನೀರಿನಲ್ಲಿ ನಾವೆಲ್ಲ ಬಂಡೆಯ ಮರೆ ಹಿಡಿದರೆ ಈತ ಬಯಲು ದಂಡೆಗೆ ಹೋಗುತ್ತಿದ್ದ. ಅಲ್ಲಿ ಗಾಳಿಗೆ ತೆರೆ ಎದ್ದು ನೀರೆಲ್ಲ ರಾಡಿ, ಮೀನು ಸುಳಿಯುವುದೇ ಅಪರೂಪ. ಆದರೆ ಮೊಬೈಲಿಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ.

"ಯಾರರೆ ಕರದಾರು ಅಂತ ಕುಂದರ್ತೀನಿ," ಎಂದಿದ್ದ ಒಮ್ಮೆ.

ಕರೆಯುವುದೆಂದರೆ ಕುರಿಮರಿ ಕೊಯ್ಯುವುದಕ್ಕೆ. ನಮ್ಮಂಥ ಹಿಂದೂ ಮನೆಗಳಲ್ಲೂ ದೇವರ ಊಟಕ್ಕೆ ಮುಲ್ಲಾ ಬಂದು ಬಿಸ್ಮಿಲ್ಲಾ ಹೇಳಿ ಚೂರಿ ಹಾಕಿದ ಮೇಲೆಯೇ ಒಲೆ ಹೊತ್ತಬೇಕಿತ್ತು. ಮುಂಜಾನೆ ಮನೆಯ ಮೊದಲ ಚಹಾ ಆತನಿಗೆ. ಬೀಗರು ಬಂದಿರಲಿ, ಗೌಡರು ಬಂದಿರಲಿ, ಆತ ಬರುವವರೆಗೆ ಬಾಯಿ ಮುಚ್ಚಿಕೊಂಡು ಕಾಯಬೇಕಿತ್ತು. ಈಗ ರಸ್ತೆಯಲ್ಲಿ ಮಟನ್ ಅಂಗಡಿಗಳು ಬಂದಿವೆ. ತೂಗಿ, ಹೆಚ್ಚಿ, ಚೀಲದಲ್ಲಿ ಹಾಕಿ ಕೊಡುತ್ತಾರೆ.

"ಮೀನಿಗಂತೂ ಬಿಸ್ಮಿಲ್ಲಾನೂ ಬೇಕಾಗಿಲ್ಲ. ನೀರಿಂದ ಹೊರಗ ಬಂದ್ರ ಮುಗೀತು," ಎಂದು ಆತನೇ ನಗುತ್ತಿದ್ದ.

ಮನೆಯಲ್ಲಿ ಮಗ ತಾಹೇರ, ಸೊಸೆ, ಮೊಮ್ಮಕ್ಕಳು, ಗದ್ದಲವೋ ಗದ್ದಲ. ಮುದುಕ ಒಂಟಿ ಎಂದರೆ ಊರು ನಂಬುವುದಿಲ್ಲ. ಇಡೀ ಊರಿಗೆ ಬೇಕಾಗಿದ್ದವನು ಬೇಡವಾದಾಗಿನ ಒಂಟಿತನವನ್ನು ಮೊಮ್ಮಕ್ಕಳು ಕಳೆಯಲಾರರು. ಇದು ಊರಿನ ತಲೆಗೆ ಹೋಗುವ ಮಾತೂ ಅಲ್ಲ.

ಈ ವರ್ಷ ನಮ್ಮ ಓಣಿಯ ಹುಲಗಮ್ಮನ ಮೊಮ್ಮಗನಿಗೆ ಮೊದಲ ಕೂದಲು ತೆಗೆಸುವ ಜವಳ ನಿಗದಿಯಾಯಿತು. ಹುಲಗಮ್ಮನ ಮದುವೆಯ ಮರಿ, ಆಕೆಯ ಮಕ್ಕಳ ಜವಳದ ಮರಿ ಎಲ್ಲ ಮಕ್ಬುಲಸಾಬನ ಕೈಯವೇ. "ಆಕಿ ಕರದ ಕರೀತಾಳ ನೋಡು," ಎಂದು ಚೂರಿ ಮಸೆದಿಟ್ಟುಕೊಂಡ. ಯಾರು ಬೇಡವೆಂದರೂ ಕೇಳಲಿಲ್ಲ, ವಾರವಿಡೀ ಆ ರಾಡಿ ನೀರಿನ ಮುಂದೆ ಕೂತ.

ಜವಳದ ಹಿಂದಿನ ದಿನ ಎರೆಹುಳ ಕೇಳಿಕೊಂಡು ನಾನು ಅಲ್ಲಿಗೆ ಹೋಗಿದ್ದೆ. ಬೆಂಡು ಮುಳುಗಿ ದಾರ ಸೆಟೆಯಿತು. ಅಷ್ಟರಲ್ಲಿ ಫೋನು. ಕಡ್ಡಿಯನ್ನು ನನ್ನ ಕೈಗೆ ತುರುಕಿದವನೇ ಮುದುಕ ಜೇಬಿಗೆ ಕೈ ಹಾಕಿದ. ನಾನು ಒರಟಾಗಿ ಜಗ್ಗಿದೆ, ದಾರ ಹರಿಯಿತು. ಆತ ಹೊರಳಿಯೂ ನೋಡಲಿಲ್ಲ. ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕುತ್ತಿದ್ದ, ಹುಲಗಮ್ಮನ ದನಿ ನನಗೂ ಕೇಳಿಸಿತು.

"ಮಕ್ಬುಲ ಕಾಕಾ, ನಾಳೆ ಬರಬೇಕ್ರಿ."

"ಮುಂಜಾನಿ ಎಷ್ಟೊತ್ತಿಗೆ ಬರ್ಲೆವ್ವಾ?"

"ಮುಂಜಾನಿ ಯಾಕ್ರಿ? ಮಧ್ಯಾಹ್ನ ಊಟಕ್ಕ ಬರ್ರಿ. ನೀವು ಉಣ್ಣಬೇಕಂತನ ನಿಮ್ಮವರ ಅಂಗಡ್ಯಾಗ ಮಟನ್ ಹೇಳೀವಿ. ಹಲಾಲ್ ಐತಿ, ಸಂಶಯ ಬ್ಯಾಡ."

ತೆರೆಗಳು ದಂಡೆಗೆ ಬಂದು ಒಡೆಯುತ್ತಿದ್ದವು. "ಛಲೋ ಆತವ್ವಾ," ಎಂದ ಮಕ್ಬುಲಸಾಬ. ಫೋನು ಇಟ್ಟ ಮೇಲೂ ಅದನ್ನೇ ನೋಡುತ್ತ ಕೂತ. ಮೀನು ಕಳೆದೆನೆಂದು ನಾನು ತಪ್ಪೊಪ್ಪಿಕೊಂಡದ್ದೂ ಆತನಿಗೆ ಕೇಳಿಸಲಿಲ್ಲ.

ಮರುದಿನ ಊಟಕ್ಕೆ ಬರಲಿಕ್ಕಿಲ್ಲ ಎಂದುಕೊಂಡಿದ್ದೆ, ಬಂದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಆ ಮನೆಯ ಹಿತ್ತಲಿನ ಮೂಲೆಮೂಲೆ ಬಲ್ಲವನನ್ನು ಪಡಸಾಲೆಯಲ್ಲಿ ಬೀಗರ ಸಾಲಿಗೆ ಕೂರಿಸಿದರು. ಕೈ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ತೊಡೆಯ ಮೇಲೆ, ಒಮ್ಮೆ ಚಾಪೆಯ ಮೇಲೆ ಇಡುತ್ತಿದ್ದ. ನನಗೆ ಹುಲಗಮ್ಮನ ಮೇಲೆ ಸಿಟ್ಟು ಬಂತು. ಆಕೆಯ ತಪ್ಪೇನೆಂದು ಕೇಳಿದರೆ ಮಾತ್ರ ಹೇಳಲು ಬರುವುದಿಲ್ಲ.

ಆಕೆ ತಾನೇ ಬಂದು ಬಡಿಸಿದಳು. ಒಳ್ಳೊಳ್ಳೆಯ ತುಣುಕು ಹುಡುಕಿ ಹಾಕಿದಳು.

"ಹೊಟ್ಟಿ ತುಂಬ ಉಣ್ರಿ ಕಾಕಾ. ಇಷ್ಟು ವರ್ಷ ಕತ್ತಲ್ದಾಗ ಎಬ್ಬಿಸಿ ಕರಸ್ತಿದ್ವಿ. ಈ ಸಲ ನಿಮಗ ಯಾವ ತ್ರಾಸೂ ಕೊಡಲಿಲ್ಲ ನೋಡ್ರಿ."

"ಹೌದವ್ವಾ," ಎಂದ ಮಕ್ಬುಲಸಾಬ, "ಕೊಡಲಿಲ್ಲ."